ಮೂರನೇ ಸಲ ಮುರಿಯಬೇಕಿದ್ದ ಕುರ್ಚಿ

ಬಡಗಿಯ ಮಗಳು ಬಡಗಿಯೇ ಆದಳು ಎಂಬುದರಲ್ಲಿ ಅಪ್ಪನಿಗೆ ತಕರಾರಿರಲಿಲ್ಲ. ಗರಗಸ ಹಿಡಿಯುವುದನ್ನು ಕಲಿಸಿದವನೇ ಅವನು. ತಕರಾರೆಲ್ಲ ಅವಳು ಹೋಗಿ ಸೇರಿಕೊಂಡ ಜಾಗದ್ದು. ನಾಲ್ಕು ವರ್ಷದ ಹಿಂದೆ ಅಪ್ಪನ ಅಂಗಡಿ ಬಿಟ್ಟು ಅವಳು ನಾಟಕ ಕಂಪನಿಯ ಮರಗೆಲಸಕ್ಕೆ ಸೇರಿದ್ದಳು. ಅಲ್ಲಿ ಅವಳು ಮಾಡುತ್ತಿದ್ದುದು ಹಿಂದೆ ಮನೆಯೇ ಇಲ್ಲದ ಬಾಗಿಲು, ಒಳಗೆ ಹಾಳೆಯೇ ಇಲ್ಲದ ಪುಸ್ತಕ, ಎಲ್ಲಿಗೂ ಹೋಗದ ಮೆಟ್ಟಿಲು. ಕೇಳಿದಾಗಲೆಲ್ಲ ಅಪ್ಪನಿಗೆ ಮೈ ಉರಿಯುತ್ತಿತ್ತು.

ಅಪ್ಪ ಐವತ್ತು ವರ್ಷ ಮಾಡಿದ್ದು ಕುರ್ಚಿ, ಮೇಜು, ಮಂಚ. ತನ್ನ ಕುರ್ಚಿಯಲ್ಲಿ ಕೂತವರು ಮುದುಕರಾದರು, ಕುರ್ಚಿ ಆಗಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದ, ಸುಳ್ಳೇನೂ ಅಲ್ಲ. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯನ್ನು ಅಲ್ಲಾಡಿಸಿ ನೋಡಿ, ಆಮೇಲೆ ಮನೆಯವರ ಮುಖ ನೋಡುವ ಆಸಾಮಿ ಅವನು. ಮಗಳು ಏನು ಮಾಡುತ್ತಿದ್ದಾಳೆ ಎಂದು ನೆಂಟರು ಕೇಳಿದರೆ, “ಅದೇನೋ ಆಟದ ಸಾಮಾನು ಮಾಡ್ತಾಳಂತೆ” ಎಂದು ಮಾತು ತೇಲಿಸಿಬಿಡುತ್ತಿದ್ದ. ಆ ಮಾತು ಅವಳ ಕಿವಿಗೆ ಬಿದ್ದ ದಿನದಿಂದ ಅವಳಿಗೆ ಒಂದೇ ಹಟ ಹಿಡಿಯಿತು. ಅಪ್ಪ ಒಂದು ಸಲ ಬಂದು ನೋಡಬೇಕು. ನೋಡಿ, ಇದೂ ಕೆಲಸವೇ ಎಂದು ಅವನ ಬಾಯಿಂದಲೇ ಬರಬೇಕು. ಕೊನೆಗೂ ಅವನು ಒಪ್ಪಿ ಒಂದು ಶನಿವಾರ ಬಂದ.

ಕಂಪನಿಯಲ್ಲಿ ಅವಳನ್ನು ಎಲ್ಲರೂ ಉಳಿಯಕ್ಕ ಎನ್ನುತ್ತಿದ್ದರು. ಸೊಂಟದಲ್ಲಿ ಸದಾ ಒಂದು ಉಳಿ ಸಿಕ್ಕಿಸಿಕೊಂಡಿರುತ್ತಿದ್ದಳು, ನಾಲಿಗೆಯ ಹರಿತವೂ ಅದಕ್ಕಿಂತ ಏನೂ ಕಮ್ಮಿ ಇರಲಿಲ್ಲ. ಅವಳ ನಾಲಿಗೆಯಿಂದ ತಪ್ಪಿಸಿಕೊಂಡವನು ಅಲ್ಲಿ ಒಬ್ಬನೇ, ದೊಪ್ಪಣ್ಣ.

ದೊಪ್ಪಣ್ಣ ಅರವತ್ತಾರು ವರ್ಷದ ಹಾಸ್ಯನಟ. ಹೆತ್ತವರಿಟ್ಟ ಹೆಸರು ಏನೋ ಒಂದಿತ್ತು. ನಲವತ್ತು ವರ್ಷ ರಂಗದ ಮೇಲೆ ದೊಪ್ಪೆಂದು ಬಿದ್ದೂ ಬಿದ್ದೂ ಅದು ಸವೆದುಹೋಗಿ ಈ ಹೆಸರು ನಿಂತಿತ್ತು. ಅವನು ಏಣಿಯಿಂದ ಬೀಳುತ್ತಿದ್ದ, ಕಿಟಕಿಯಿಂದ ಬೀಳುತ್ತಿದ್ದ, ಸಮತಟ್ಟಾದ ನೆಲದಲ್ಲಿ ಯಾವುದಕ್ಕೂ ಎಡವದೆ ಬೀಳುತ್ತಿದ್ದ. ರಂಗದ ಹೊರಗೆ ಮಾತ್ರ ಅವನಷ್ಟು ಜೋಪಾನವಾಗಿ ಹೆಜ್ಜೆಯಿಡುವ ಮನುಷ್ಯನನ್ನು ಅವಳು ಕಂಡಿರಲಿಲ್ಲ. ಎರಡು ಮೆಟ್ಟಿಲು ಇಳಿಯಬೇಕಾದರೂ ಪಕ್ಕದವರ ತೋಳು ಹಿಡಿಯುತ್ತಿದ್ದ.

ಮೊದಮೊದಲು ಅವಳೂ ಮೂಗು ಮುರಿದವಳೇ. ಬೀಳುವುದಕ್ಕೂ ಒಂದು ವಿದ್ಯೆಯೇ, ಕಣ್ಣು ಮುಚ್ಚಿಕೊಂಡು ನಡೆದರೆ ಯಾರು ಬೇಕಾದರೂ ಬೀಳುತ್ತಾರೆ ಎಂದುಕೊಂಡಿದ್ದಳು. ಆಮೇಲೊಂದು ಬೆಳಿಗ್ಗೆ ಖಾಲಿ ರಂಗದ ಮೇಲೆ ಅವನೊಬ್ಬನೇ ಬೀಳುತ್ತಿದ್ದುದನ್ನು ಕಂಡಳು. ಬಿದ್ದ, ಎದ್ದ, ಮತ್ತೆ ಅದೇ ಜಾಗಕ್ಕೆ ಬಿದ್ದ. ಮೂವತ್ತು ಸಲ ಎಣಿಸಿ ಅವಳಿಗೇ ಸುಸ್ತಾಯಿತು. ಕೊನೆಗೆ ಅವನು ಧೂಳು ಕೊಡವಿಕೊಂಡು, “ಟೋಪಿ ನನಗಿಂತ ಮುಂಚೆ ನೆಲಕ್ಕೆ ತಾಗ್ತಿತ್ತು ಕಣಮ್ಮ, ಅದಕ್ಕೇ ನಗು ಬರ್ತಿರ್ಲಿಲ್ಲ. ಈಗ ಇಬ್ರೂ ಒಟ್ಟಿಗೆ ಬೀಳ್ತಿದೀವಿ” ಎಂದ. ಅವತ್ತಿನಿಂದ ಅವನ ವಿಷಯದಲ್ಲಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು.

ಆ ನಾಲ್ಕು ವರ್ಷವೂ ಜನ ಮುಗಿಬಿದ್ದು ನೋಡುತ್ತಿದ್ದುದು ಕಚೇರಿಯ ದೃಶ್ಯ. ದೊಪ್ಪಣ್ಣ ಒಂದು ಅರ್ಜಿ ಹಿಡಿದು ಸಾಹೇಬರ ಕೋಣೆಗೆ ಬರುತ್ತಾನೆ. ಸಾಹೇಬರು ತಲೆ ಎತ್ತದೆ “ಕೂತ್ಕೊಳ್ಳಿ” ಎನ್ನುತ್ತಾರೆ. ಕೂತರೆ ಕುರ್ಚಿ ಕಿರ್ರೆನ್ನುತ್ತದೆ, ಹೆದರಿ ಏಳುತ್ತಾನೆ. ಮತ್ತೆ “ಕೂತ್ಕೊಳ್ಳಿ”. ಈ ಸಲ ಕುರ್ಚಿ ವಾಲುತ್ತದೆ. ಮೂರನೇ ಸಲ ಕೂತಾಗ ಹಿಂದಿನ ಕಾಲು ಲಟಕ್ಕೆಂದು ಮುರಿದು ಅವನು ನೆಲಕ್ಕೆ. ಅಲ್ಲಿಂದ ಹನ್ನೆರಡು ನಿಮಿಷ, ಸಾಹೇಬರಿಗೆ ಕಾಣದಂತೆ ಆ ಮುರಿದ ಕಾಲನ್ನು ಬಚ್ಚಿಡಲು ಅವನು ಪಡುವ ಪಾಡೇ ನಾಟಕ. ಮಾತು ಒಂದೂ ಇಲ್ಲ.

ಆ ಕುರ್ಚಿ ಉಳಿಯಕ್ಕನದು. ಹಿಂದಿನ ಎಡಗಾಲನ್ನು ಸೀಟಿನ ಕೆಳಗೆ ಕೊಯ್ದು, ನಡುವೆ ಬೆರಳುಗಾತ್ರದ ಮೆದುಮರದ ಕೀಲು ಕೂರಿಸಿದ್ದಳು. ಆ ಕೀಲನ್ನು ಅರ್ಧಕ್ಕೆ ಕೊಯ್ದು ಬಿಡಬೇಕು. ಪ್ರತಿ ಆಟಕ್ಕೆ ಹೊಸ ಕೀಲು. ಕೂದಲೆಳೆಯಷ್ಟು ಹೆಚ್ಚು ಕೊಯ್ದರೆ ಮೊದಲ ಸಲವೇ ಮುರಿದು ನಗು ಹಾಳು. ಅಷ್ಟೇ ಕಮ್ಮಿ ಕೊಯ್ದರೆ ಜಪ್ಪಯ್ಯ ಅಂದರೂ ಮುರಿಯುವುದಿಲ್ಲ. ನಾಲ್ಕು ವರ್ಷದಲ್ಲಿ ಅವಳ ಕೈ ಒಮ್ಮೆಯೂ ತಪ್ಪಿರಲಿಲ್ಲ. ಇದೆಲ್ಲವನ್ನೂ ಅಪ್ಪನಿಗೆ ಮೊದಲೇ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕುರ್ಚಿ ಮುರಿದ ಗಳಿಗೆಯಲ್ಲಿ ಅಪ್ಪನ ಮುಖ ನೋಡಬೇಕೆಂಬ ಆಸೆ ಅವಳಿಗೆ. ಹಾಗಾಗಿ, “ಇವತ್ತು ರಂಗದ ಮೇಲಿರೋ ಕುರ್ಚಿ ನಾನೇ ಮಾಡಿದ್ದು, ಸರಿಯಾಗಿ ನೋಡು” ಎಂದಷ್ಟೇ ಹೇಳಿ ಸುಮ್ಮನಾದಳು.

ಅಪ್ಪ ಮೂರು ಗಂಟೆಗೇ ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮಡಚುವ ಅಳತೆಪಟ್ಟಿ. ಅಳತೆಪಟ್ಟಿ ಇಲ್ಲದೆ ಅವನು ಮದುವೆಗೂ ಹೋದವನಲ್ಲ. ರಂಗದ ಹಿಂದಿನ ಮರಗೆಲಸದ ಕೋಣೆಯಲ್ಲಿ ಬಣ್ಣದ ಡಬ್ಬಿ, ಹಲಗೆ, ಅಂಟಿನ ವಾಸನೆ. ಅವನು ಒಂದೊಂದನ್ನೇ ತಟ್ಟಿ ನೋಡುತ್ತ, ಒಂದೊಂದಕ್ಕೂ ಒಂದು ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಕಂಪನಿ ನೋಡಿಕೊಳ್ಳುವ ಮ್ಯಾನೇಜರಮ್ಮ ಬಾಗಿಲಲ್ಲಿ ತಲೆ ಹಾಕಿ, ರಂಗದ ಮೇಲಿನ ಬಾಗಿಲಿನ ತಿರುಗಣಿ ಹಿಡಿದುಕೊಂಡಿದೆ ಎಂದಳು.

“ಅರ್ಧ ಗಂಟೇಲಿ ಬಂದೆ. ಏನೂ ಮುಟ್ಬೇಡಪ್ಪ.”

“ನಿನ್ನ ಆಟದ ಸಾಮಾನು ನಾನ್ಯಾಕೆ ಮುಟ್ಲಿ.”

ಅವಳು ಅತ್ತ ಹೋದ ಮೇಲೆ ಇತ್ತ ನಡೆದದ್ದು ಅವಳಿಗೆ ತಿಳಿದದ್ದು ತಡವಾಗಿ. ನಾವು ಈಗಲೇ ತಿಳಿದುಕೊಂಡರೆ ನಷ್ಟವಿಲ್ಲ. ಅಪ್ಪ ಐದು ನಿಮಿಷ ಕೈಕಟ್ಟಿ ಕೂತ. ಆಮೇಲೆ ಎದುರಿಗಿದ್ದ ಕುರ್ಚಿಯ ಬೆನ್ನನ್ನು ಅಭ್ಯಾಸಬಲದಿಂದ ಒಂದು ಸಲ ಅಲ್ಲಾಡಿಸಿದ. ಹಿಂದಿನ ಎಡಗಾಲು ಸಡಿಲ ಹಲ್ಲಿನಂತೆ ಆಡಿತು. ಅವನ ಮುಖ ಬಾಡಿಹೋಯಿತು. ತಾನು ಕಲಿಸಿದ ಮಗಳು ಇಂಥ ಕುರ್ಚಿ ಮಾಡಿದ್ದಾಳೆ, ಇದನ್ನೇ ನೋಡು ಎಂದು ಕರೆದಿದ್ದಾಳೆ. ಎಂಟುನೂರು ಜನರೆದುರು ಯಾರಾದರೂ ಇದರ ಮೇಲೆ ಕೂತು ಸೊಂಟ ಮುರಿದುಕೊಂಡರೆ ಅವಳ ಮಾನವೇನಾಗಬೇಕು. ಅವನು ಅಂಗಿಯ ತೋಳು ಮಡಚಿದ. ಅರ್ಧಕ್ಕೆ ಕೊಯ್ದಿದ್ದ ಮೆದು ಕೀಲನ್ನು, ಬಿರುಕು ಬಿಟ್ಟಿದೆ ಎಂದುಕೊಂಡು ಕಿತ್ತೆಸೆದು, ಮೂಲೆಯಲ್ಲಿದ್ದ ಗಟ್ಟಿ ಮರದ ತುಂಡಿನಿಂದ ಹೊಸದು ಕೆತ್ತಿ, ಅಂಟು ಹಚ್ಚಿ ಹೊಡೆದು, ಎರಡೂ ಕಡೆ ಬೆಣೆ ಬಿಗಿದ. ಒಸರಿದ ಅಂಟನ್ನು ಬಟ್ಟೆಯಿಂದ ಒರೆಸಿ, ಮೊದಲಿದ್ದಲ್ಲೇ ಕುರ್ಚಿ ಇಟ್ಟ. ಮಗಳಿಗೆ ಹೇಳುವ ಉದ್ದೇಶ ಅವನಿಗಿರಲಿಲ್ಲ. ತಪ್ಪು ತಿದ್ದಿದ್ದನ್ನು ಆಡಿ ತೋರಿಸಿ ಅವಳನ್ನು ನೋಯಿಸುವುದು ಅವನಿಗೆ ಬೇಕಿರಲಿಲ್ಲ.

ಬಾಗಿಲಿನ ಕೆಲಸ ಅರ್ಧ ಗಂಟೆಗೆ ಮುಗಿಯಲಿಲ್ಲ. ಅವಳು ಓಡಿ ಬರುವ ಹೊತ್ತಿಗೆ ಆಟದ ಮೊದಲ ಗಂಟೆ ಹೊಡೆದಿತ್ತು. ಅಪ್ಪನನ್ನು ಮೂರನೇ ಸಾಲಿಗೆ ಕಳಿಸಿ, ಕುರ್ಚಿಯನ್ನು ಎತ್ತಿಕೊಂಡು ಹೋಗಿ ರಂಗದ ಮೇಲಿಟ್ಟಳು. ದಿನಾ ಒಮ್ಮೆ ಬೆರಳಿನಿಂದ ಅಲ್ಲಾಡಿಸಿ ನೋಡುತ್ತಿದ್ದವಳು ಅವತ್ತು ನೋಡಲಿಲ್ಲ.

ಪರದೆ ಎದ್ದಿತು. ದೊಪ್ಪಣ್ಣ ಅರ್ಜಿ ಹಿಡಿದು ಬಂದ. ಸಾಹೇಬನ ಪಾತ್ರದ ದಪ್ಪನೆಯ ನಟ ಕಾಗದದಿಂದ ಕಣ್ಣೆತ್ತದೆ, “ಕೂತ್ಕೊಳ್ಳಿ” ಎಂದ. ದೊಪ್ಪಣ್ಣ ಕೂತ. ಕಿರ್ರೆನ್ನಬೇಕಿದ್ದ ಕುರ್ಚಿ ಮೌನವಾಗಿತ್ತು.

ಪಕ್ಕದ ಪರದೆಯ ಮರೆಯಲ್ಲಿದ್ದ ಉಳಿಯಕ್ಕ ಪರದೆಯಂಚು ಸರಿಸಿ ಕುರ್ಚಿಯ ಎಡಗಾಲು ನೋಡಿದಳು. ದೊಪ್ಪಣ್ಣ ಅರೆ ಉಸಿರಿನಷ್ಟು ಹೊತ್ತು ಕಾದ. ಆಮೇಲೆ ಬಾಯಿ ತೆರೆಯದೆ ಗಂಟಲಿನಿಂದಲೇ ಕಿರ್ರೆಂದು ಸದ್ದು ತೆಗೆದ. ಜನ ನಕ್ಕರು. ಎರಡನೇ ಸಲ ಕುರ್ಚಿ ವಾಲಲಿಲ್ಲ, ವಾಲಿದ್ದು ಅವನೇ. ಅದಕ್ಕೂ ಜನ ನಕ್ಕರು. ಮುಂದೇನೆಂದು ಅವಳಿಗೆ ಹೊಳೆಯಿತು. ಇವತ್ತು ಕೀಲು ಕೊಂಚ ಬಿಗಿ, ಜೋರಾಗಿ ಕೂತರೆ ಮುರಿದೀತು ಎಂದು ಅವನು ಲೆಕ್ಕ ಹಾಕುತ್ತಾನೆ. ಕೂಗಿ ಹೇಳುವಂತಿಲ್ಲ, ಓಡಿ ತಡೆಯುವಂತಿಲ್ಲ. ದೊಪ್ಪಣ್ಣ ಸಣ್ಣಗೆ ಎಗರಿ, ಮೈಯ ಅಷ್ಟೂ ಭಾರವನ್ನು ಬಿಟ್ಟು ಕೂತ.

ಕುರ್ಚಿ ಬಂಡೆಯ ಹಾಗೆ ನಿಂತಿತ್ತು. ಬೆನ್ನುಮೂಳೆಯ ತುದಿ ಹಲಗೆಗೆ ಬಡಿದ ಸದ್ದು ಅವಳಿಗೆ ಕೇಳಿಸಿತು. ಅವನ ಬಣ್ಣ ಹಚ್ಚಿದ ಮುಖದ ಕೆಳಗಿನ ಮುಖ ಬಿಳಿಚಿಕೊಂಡದ್ದು ಅವಳಿಗೊಬ್ಬಳಿಗೇ ಕಂಡಿತು. ಸಭೆ ಮೌನವಾಯಿತು. ಸಾಹೇಬನ ನಟ ಕಣ್ಣು ಕಣ್ಣು ಬಿಟ್ಟ. ಮುರಿದ ಕಾಲಿಲ್ಲದೆ ಮುಂದಿನ ಹನ್ನೆರಡು ನಿಮಿಷವೇ ಇಲ್ಲ. ಉಳಿಯಕ್ಕ ಮೂರನೇ ಸಾಲಿನತ್ತ ನೋಡಿದಳು. ಅಪ್ಪ ಕೈಕಟ್ಟಿ ಕೂತಿದ್ದ. ಮುಗಿಸಿದ ಮಂಚವನ್ನು ಗಿರಾಕಿಯ ಮನೆಗೆ ಒಪ್ಪಿಸುವಾಗಿನ ಮುಖ ಅದು. ಅವಳಿಗೆ ಎಲ್ಲ ಅರ್ಥವಾಯಿತು, ಕೂತು ಅಳಬೇಕೆನ್ನಿಸಿತು.

ಆಗ ದೊಪ್ಪಣ್ಣ ಎದ್ದ. ಒಂದೊಂದು ಎಲುಬಿನ ಅಪ್ಪಣೆ ಕೇಳಿ ಏಳುವವನ ಹಾಗೆ, ನಿಧಾನವಾಗಿ. ಸಭೆಯಲ್ಲಿ ಎಲ್ಲೋ ಒಬ್ಬರು ಕಿಸಕ್ಕೆಂದರು. ಆ ನೋವು ನಿಜವಾದದ್ದು, ಆ ಏಳುವ ರೀತಿಯೂ ನಿಜವಾದದ್ದೇ. ಆದರೂ ಅವನು ಅದನ್ನು ಒಂದಿಷ್ಟೇ ಇಷ್ಟು ತಿರುಗಿಸಿ ಜನರ ಕಡೆ ಹಿಡಿದಿದ್ದ. ಮಂಡಿಯೂರಿ ಕುರ್ಚಿಯ ಕೆಳಗೆ ಕೈ ಹಾಕಿದ. ಬೆರಳು ಎಡಗಾಲಿನ ಮೇಲೆ ಹರಿದು, ಬೆಣೆಯ ಮೇಲೆ ನಿಂತಿತು. ಆ ಬೆಣೆಯನ್ನು ಎರಡು ಸಲ ಸವರಿದ. ಎದ್ದು, ಟೋಪಿ ತೆಗೆದು, ಕುರ್ಚಿಗೆ ನಡುಬಗ್ಗಿಸಿ ನಮಸ್ಕಾರ ಮಾಡಿದ. ಜನ ಜೋರಾಗಿ ನಕ್ಕರು. ಅಪ್ಪ ಮಾತ್ರ ಕಟ್ಟಿದ ಕೈ ಬಿಚ್ಚಿ ಮುಂದಕ್ಕೆ ಬಾಗಿದ.

ಆಮೇಲೆ ದೊಪ್ಪಣ್ಣ ಮಾಡಿದ್ದನ್ನು ಉಳಿಯಕ್ಕ ಸಾಯುವವರೆಗೂ ಮರೆಯುವುದಿಲ್ಲ. ಅವನು ಕುರ್ಚಿಯ ಕೆಳಗೆ ಎರಡೂ ಕೈ ಚಾಚಿ, ಇಲ್ಲದ ಕಾಲೊಂದನ್ನು ಹಿಡಿದು ಎಳೆದ. ಬರಲಿಲ್ಲ. ಪಾದವನ್ನು ಕುರ್ಚಿಗೆ ಒತ್ತಿ ಹಿಡಿದು ಎಳೆದ. ಲಟಕ್ಕೆಂದು ನಾಲಿಗೆಯಲ್ಲಿ ಸದ್ದು ಮಾಡಿ ಹಿಂದಕ್ಕೆ ಮುಗ್ಗರಿಸಿದ. ಕೈಯಲ್ಲೀಗ ಮುರಿದ ಕಾಲಿತ್ತು. ಕುರ್ಚಿ ನಾಲ್ಕೂ ಕಾಲಿನ ಮೇಲೆ ಗಟ್ಟಿಯಾಗಿ ನಿಂತಿತ್ತು, ಅವನ ಕೈ ಖಾಲಿಯಿತ್ತು. ಆದರೂ ಅಲ್ಲಿದ್ದ ಒಬ್ಬರಿಗೂ ಹಾಗೆ ಕಾಣಲಿಲ್ಲ. ಅವನ ಎರಡು ಮುಷ್ಟಿಗಳ ನಡುವಿನ ಉದ್ದ, ಮೇಲೆ ದಪ್ಪ ಕೆಳಗೆ ಸಣ್ಣವಾಗುವ ಅದರ ಆಕಾರ, ಒಂದು ಕಡೆಗಿದ್ದ ಬಾಗು, ಎಲ್ಲ ಅವಳದೇ. ಅವಳು ಕೊಯ್ದು ಕೀಸಿ ನಯ ಮಾಡಿದ ಕಾಲನ್ನು ಅವನು ಗಾಳಿಯಲ್ಲಿ ಮಾಡಿ ತೋರಿಸುತ್ತಿದ್ದ.

ಸಾಹೇಬ ತಲೆಯೆತ್ತಿದ. ದೊಪ್ಪಣ್ಣ ಕಾಲನ್ನು ಅಂಗಿಯ ತೋಳೊಳಗೆ ತೂರಿಸಿದ. ತೋಳು ಮರಗಟ್ಟಿ ನಿಂತಿತು, ಆ ತೋಳಿನಿಂದಲೇ ತಲೆ ಕೆರೆದುಕೊಳ್ಳಬೇಕಾಗಿ ಬಂತು. ಪ್ಯಾಂಟಿನೊಳಗೆ ಇಳಿಬಿಟ್ಟ, ಮಂಡಿ ಮಡಚದೆ ಸಾಹೇಬನ ಸುತ್ತ ಕೈವಾರದಂತೆ ತಿರುಗಿದ. ನಡುನಡುವೆ ಮೂರೇ ಕಾಲಿನ ಕುರ್ಚಿಯಲ್ಲಿ ಕೂರುವವನಂತೆ ಆ ಗಟ್ಟಿ ಕುರ್ಚಿಯ ಮೇಲೆ ಎಡಕ್ಕೆ ಎಷ್ಟು ವಾಲಿ ಕೂತನೆಂದರೆ, ಮುಂದಿನ ಸಾಲಿನ ಹೆಂಗಸೊಬ್ಬಳು ಹಿಡಿಯಲು ಕೈ ಚಾಚಿದಳು. ಕೊನೆಗೆ ಸಾಹೇಬ ಅರ್ಜಿಗಾಗಿ ಕೈ ನೀಡಿದ. ದೊಪ್ಪಣ್ಣ ಗಾಬರಿಯಲ್ಲಿ ಅರ್ಜಿಯ ಬದಲು ಕಾಲನ್ನೇ ಕೊಟ್ಟುಬಿಟ್ಟ. ಇಷ್ಟು ಹೊತ್ತು ಪೆಚ್ಚಾಗಿ ನಿಂತಿದ್ದ ಆ ದಪ್ಪ ನಟ, ತನಗೇ ತಿಳಿಯದಂತೆ, ಆ ಇಲ್ಲದ ಕಾಲನ್ನು ಎರಡೂ ಕೈಯಿಂದ ತೆಗೆದುಕೊಂಡು ಅದರ ಭಾರಕ್ಕೆ ಜಗ್ಗಿದ. ಸಭೆ ಹುಚ್ಚೆದ್ದು ನಕ್ಕಿತು.

ಸಾಹೇಬ ಅದನ್ನು ರಂಗದ ನಡುವೆ ನೆಲದ ಮೇಲಿಟ್ಟ. ದೃಶ್ಯ ಮುಗಿದು ಸಾಮಾನು ತೆಗೆಯಲು ಬಂದ ಇಬ್ಬರು ಆಳುಗಳು ಮೇಜು ಹೊತ್ತುಕೊಂಡು ಹೋಗುವಾಗ ಆ ಜಾಗವನ್ನು ಸುತ್ತಿ ಬಳಸಿ ಹೋದರು. ಕೊನೆಗೆ ವಂದನೆ ಹೇಳಲು ಬಂದ ಮ್ಯಾನೇಜರಮ್ಮ, ಲೆಕ್ಕದಲ್ಲಿ ಕಲ್ಲೆದೆಯವಳು, ಸೀರೆ ಎತ್ತಿ ಹಿಡಿದು ಅದನ್ನು ದಾಟಿದಳು. ಇದ್ದ ಕಾಲನ್ನು ಮುರಿಯುವುದು ಉಳಿಯಕ್ಕನ ಕೆಲಸ. ಇಲ್ಲದ ಕಾಲನ್ನು ಎಂಟುನೂರು ಜನರಿಗೆ ಕಾಣಿಸಿ, ಆಳುಗಳೂ ಅದಕ್ಕೆ ಎಡವದಂತೆ ನಡೆಯುವ ಹಾಗೆ ಮಾಡುವುದು ಯಾವ ಉಪಕರಣದ ಕೆಲಸ ಎಂದು ಅವಳಿಗೆ ತಿಳಿಯಲಿಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿದ್ದ ಅವಳ ಕೆನ್ನೆ ಒದ್ದೆಯಾಗಿತ್ತು. ಮನುಷ್ಯನ ಮೈಗೆ ಇಷ್ಟೆಲ್ಲ ಸಾಧ್ಯವೇ ಎಂಬ ಬೆರಗಿನಲ್ಲಿ ಅವಳಿಗೆ ತನ್ನ ಕೈಗಳನ್ನೂ ಒಮ್ಮೆ ನೋಡಿಕೊಳ್ಳಬೇಕೆನ್ನಿಸಿತು.

ಒಳಗೆ ದೊಪ್ಪಣ್ಣ ಬಟ್ಟೆಪೆಟ್ಟಿಗೆಯ ಮೇಲೆ ಬೋರಲಾಗಿ ಮಲಗಿದ್ದ. ಕೂರಲು ಆಗುತ್ತಿರಲಿಲ್ಲ. ಹಣೆಯ ಬೆವರಿನಲ್ಲಿ ಬಣ್ಣ ಇಳಿಯುತ್ತಿತ್ತು.

“ಬೆಣೆ ಹೊಡೆದೋರು ಯಾರಮ್ಮ?” ಎಂದು ಕೇಳಿದ, ತಲೆ ಎತ್ತದೆ.

“ನಾನೇ. ತಪ್ಪಾಯ್ತು.”

“ಸುಳ್ಳು ಹೇಳ್ಬೇಡ. ಅದು ನಿನ್ನ ಕೈಯಲ್ಲ. ನಿನಗಿಂತ ಮೂವತ್ತು ವರ್ಷ ಹಳೇ ಕೈ ಅದು.”

“ನಂದು ಸ್ವಾಮಿ.” ಅಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. “ಕಾಲು ಸಡಿಲ ಇತ್ತು. ನನ್ನ ಮಗಳು ಮರೆತಿರ್ಬೇಕು ಅಂದ್ಕೊಂಡೆ. ನಿಮಗೆ ಪೆಟ್ಟು ಮಾಡ್ಬಿಟ್ಟೆ.”

ದೊಪ್ಪಣ್ಣ ಕತ್ತು ಹೊರಳಿಸಿ ಅವನನ್ನು ನೋಡಿದ. “ಯಜಮಾನ್ರೇ, ನಾನು ಜೀವಮಾನದಲ್ಲಿ ಮುನ್ನೂರು ಕುರ್ಚಿ ಮುರಿದಿದೀನಿ. ನನ್ನನ್ನೇ ಮುರಿದ ಕುರ್ಚಿ ಇದೊಂದೇ.”

ಅಪ್ಪನಿಗೆ ನಗಬೇಕೋ ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು, “ಆ ಕಾಲು...” ಎಂದ. “ನಿಮ್ಮ ಕೈಲಿತ್ತಲ್ಲ, ಅದು ಎಷ್ಟುದ್ದ ಇತ್ತು?”

ದೊಪ್ಪಣ್ಣ ಮಲಗಿದಲ್ಲೇ ಎರಡು ಮುಷ್ಟಿ ಎತ್ತಿ ಹಿಡಿದ. ಅಪ್ಪ ಜೇಬಿನಿಂದ ಅಳತೆಪಟ್ಟಿ ತೆಗೆದು, ಕನ್ನಡಕ ಸರಿಮಾಡಿಕೊಂಡು, ಆ ಎರಡು ಮುಷ್ಟಿಗಳ ನಡುವಿನ ಗಾಳಿಯನ್ನು ಅಳೆದ. ಹದಿನಾರೂಕಾಲು ಇಂಚು. ಮಗಳತ್ತ ನೋಡಿದ. ಅವಳು ತಲೆಯಾಡಿಸಿದಳು, ಅಷ್ಟೇ ಎಂದು.

“ಆ ಅಳತೆ ನಂದಲ್ಲ” ಎಂದ ದೊಪ್ಪಣ್ಣ. “ನಾಲ್ಕು ವರ್ಷ ಇವಳು ಕೈಗೆ ಕೊಟ್ಟಿದ್ದು. ದಿನಾ ಒಂದೇ ಥರ ಮುರಿಯೋ ಕಾಲು ಸಿಕ್ಕಿದ್ರಿಂದ್ಲೇ ನಾನು ದಿನಾ ಧೈರ್ಯವಾಗಿ ಬಿದ್ದೆ. ಇಲ್ದಿದ್ರೆ ಈ ವಯಸ್ಸಲ್ಲಿ ಯಾವನು ಬೀಳ್ತಾನೆ?”

ಅಪ್ಪ ಅಳತೆಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನು ತೆಗೆಯುತ್ತ ಮಡಚುತ್ತ ನಡೆದ. ಅವನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯದೆ ಅವಳು ಅವತ್ತು ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಮೂಳೆ ಮುರಿದಿಲ್ಲ, ಊದಿದೆ ಅಷ್ಟೇ ಎಂದು ಡಾಕ್ಟರು ಹೇಳಿದರು. ಮುಂದಿನ ಆಟ ಐದು ದಿನದ ಮೇಲೆ. ಬೇಡವೆಂದವರ ಮಾತನ್ನು ದೊಪ್ಪಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. ಆಟದ ದಿನ ಮೂರು ಗಂಟೆಗೆ ಅಪ್ಪ ಯಾರೂ ಕರೆಯದೆ ಮರಗೆಲಸದ ಕೋಣೆಗೆ ಬಂದ. ಅವಳು ಹೊಸ ಕೀಲನ್ನು ಹಿಡಿದು ಸಣ್ಣ ಗರಗಸದಿಂದ ಕೊಯ್ಯುತ್ತಿದ್ದಳು. ಅವನು ಬಳಿಗೆ ಬಂದು, ಬಗ್ಗಿ, ಉಸಿರು ಬಿಗಿಹಿಡಿದು ನೋಡಿದ.

“ಸಾಕು” ಎಂದ. “ಆ ತೂಕಕ್ಕೆ ಇಷ್ಟು ಕೊಯ್ದರೆ ಸಾಕು.”

“ಸಾಲದಪ್ಪ. ಇವತ್ತು ಅವರಿಗೆ ನೋವಿದೆ. ಜೋರಾಗೇ ಕೂತೆ ಅಂದ್ಕೊಂಡಿರ್ತಾರೆ, ಆದ್ರೆ ಮೈ ಮೆಲ್ಲಗೆ ಕೂರುತ್ತೆ. ಇನ್ನೊಂದು ಎಳೆ ಹೋಗ್ಬೇಕು.”

ಅಳತೆಯ ವಿಷಯದಲ್ಲಿ ಅಪ್ಪ ಐವತ್ತು ವರ್ಷದಲ್ಲಿ ಯಾರಿಗೂ ಸೋತವನಲ್ಲ. ಅವನು ಕೀಲನ್ನು ನೋಡಿದ, ಮಗಳ ಮುಖ ನೋಡಿದ. ಆಮೇಲೆ ಎದುರು ಬದಿಗೆ ಬಂದು, ಕೀಲಿನ ಆ ತುದಿಯನ್ನು ಎರಡು ಬೆರಳಲ್ಲಿ ಅಲುಗದಂತೆ ಹಿಡಿದುಕೊಂಡ. ಕೆಲಸ ಕಲಿಯಲು ಬಂದವರು ಹಾಗೆ ಹಿಡಿಯುತ್ತಾರೆ.

“ಕೊಯ್ಯಿ” ಎಂದ.

ಆ ಸಂಜೆ ಅವನು ಮೂರನೇ ಸಾಲಿಗೆ ಹೋಗಲಿಲ್ಲ. ಪರದೆಯ ಮರೆಯಲ್ಲಿ ಅವಳ ಪಕ್ಕ, ದೀಪ ನೋಡಿಕೊಳ್ಳುವವನನ್ನು ಒತ್ತರಿಸಿಕೊಂಡು ನಿಂತ. ದೊಪ್ಪಣ್ಣ ಕೂತ, ಕುರ್ಚಿ ಕಿರ್ರೆಂದಿತು. ಮತ್ತೆ ಕೂತ, ವಾಲಿತು. ಮೂರನೇ ಸಲ, ಅವಳು ಹೇಳಿದ ಹಾಗೆಯೇ, ಒಂದಿಷ್ಟು ಮೆಲ್ಲಗೆ ಕೂತ. ಲಟಕ್ಕೆಂದು ಕಾಲು ಮುರಿದು ಮನುಷ್ಯನೂ ಟೋಪಿಯೂ ಒಟ್ಟಿಗೆ ನೆಲಕ್ಕೆ ಬಿದ್ದರು, ಎಂಟುನೂರು ಜನರ ನಗು ರಂಗಕ್ಕೆ ಬಡಿಯಿತು. ಅಪ್ಪ ದೀಪದವನ ಭುಜವನ್ನು ಗಟ್ಟಿಯಾಗಿ ಹಿಡಿದು ಅಲ್ಲಾಡಿಸಿದ.

“ನೋಡಿದ್ರಾ, ಹೇಗೆ ಮುರೀತು” ಎಂದ. “ನನ್ನ ಮಗಳು ಮಾಡಿದ್ದು.”